ಹೆಬ್ಬೆರಳಿನ ತೂತು

ಭಾವನ ಚೀಲವನ್ನು ಮುಟ್ಟುವ ಹಕ್ಕು ಮನೆಯಲ್ಲಿ ಯಾರಿಗೂ ಇರಲಿಲ್ಲ, ನನ್ನ ಅಕ್ಕನಿಗೂ. ಚಕ್ರಗಳಿದ್ದ ಆ ಕಪ್ಪು ಚೀಲದಲ್ಲಿ ಎರಡು ಭಾರದ ಚೆಂಡುಗಳು, ಮಣಿಕಟ್ಟಿನ ಪಟ್ಟಿ, ಚೆಂಡು ಒರೆಸುವ ಟವೆಲ್ಲು ಮತ್ತು ಒಂದು ಜೊತೆ ಶೂ ಇದ್ದವು.

ಭಾವ ಸಿಟಿ ಬಸ್ಸಿನ ಡ್ರೈವರ್. ವಾರವಿಡೀ ಸ್ಟಿಯರಿಂಗ್ ಹಿಡಿಯುವ ಕೈಗೆ ವಾರಕ್ಕೊಂದು ಸಂಜೆ ಬೌಲಿಂಗ್. ಆ ಮಾತು ಕೇಳಿದ ಕೂಡಲೇ ಯಾರಾದರೂ ವಿಕೆಟ್ಟಿನ ವಿಷಯ ತೆಗೆದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಓಡಿ ಬಂದು ಎಸೆಯೋದಲ್ಲ ಸ್ವಾಮಿ, ಬಗ್ಗಿ ಉರುಳಿಸೋದು," ಎನ್ನುತ್ತಿದ್ದರು. ಎಣ್ಣೆ ಸವರಿದ ಉದ್ದನೆಯ ಮರದ ಲೇನು, ಅದರ ತುದಿಯಲ್ಲಿ ಹತ್ತು ಪಿನ್ನು, ಇಷ್ಟೇ ಆ ಆಟ. ಆದರೆ ಅದರ ಮಡಿಯೇ ಬೇರೆ. ಟಾಯ್ಲೆಟ್ಟಿಗೆ ಹೋಗುವಾಗ ಭಾವ ಶೂಗಳ ಮೇಲೆ ಸ್ನಾನದ ಪ್ಲಾಸ್ಟಿಕ್ ಟೋಪಿ ಏರಿಸಿಕೊಳ್ಳುತ್ತಿದ್ದರು. ಎಡಗಾಲಿನ ಶೂ ಜಾರಲೆಂದೇ ಮಾಡಿದ್ದು. ಅದರ ತಳಕ್ಕೆ ಒಂದು ಹನಿ ನೀರು ತಗುಲಿದರೂ ಚೆಂಡು ಉರುಳಿಸುವ ಹೊತ್ತಿಗೆ ಕಾಲು ಗಕ್ಕನೆ ನಿಂತು ಮನುಷ್ಯ ಮುಗ್ಗರಿಸುತ್ತಾನೆ.

"ತಲೆಗೆ ಹಾಕೋದನ್ನ ಕಾಲಿಗೆ ಹಾಕಿದ್ದೀರಲ್ಲ ಡ್ರೈವರ್ ಸಾಹೇಬ್ರೇ, ಬುದ್ಧಿ ಅಲ್ಲೇ ಇರೋದಾ?" ಎಂದು ಅವರ ತಂಡದ ಟೈಲರ್ ಕಾಲೆಳೆಯುತ್ತಿದ್ದ.

ಇನ್ನೊಂದು ಅಭ್ಯಾಸ ಟೇಪಿನದು. ಹೆಬ್ಬೆರಳು ಸೆಕೆಗೆ ಊದುತ್ತದೆ, ಚಳಿಗೆ ಕುಗ್ಗುತ್ತದೆ. ಚೆಂಡಿನ ತೂತು ಮಾತ್ರ ಇದ್ದ ಹಾಗೇ ಇರುತ್ತದೆ. ಅದಕ್ಕೇ ಆಟಗಾರರು ಹೆಬ್ಬೆರಳಿನ ತೂತಿನ ಒಳಗೋಡೆಗೆ ಬಿಳಿ ಟೇಪಿನ ಸಣ್ಣ ತುಂಡುಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ಸಡಿಲವಾದರೆ ಒಂದು ಹೆಚ್ಚು, ಬಿಗಿಯಾದರೆ ಒಂದು ಕಡಿಮೆ. ಕಿತ್ತ ತುಂಡನ್ನು ಬಿಸಾಡಿದರೆ ಅದೃಷ್ಟ ಕೈಬಿಡುತ್ತದೆಂದು ಭಾವ ನಂಬಿದ್ದರು. ಅವನ್ನೆಲ್ಲ ಚೀಲದ ಮುಚ್ಚಳದ ಒಳಗಡೆ ಅಂಟಿಸುತ್ತಿದ್ದರು.

ಕೆಲವು ವರ್ಷಗಳಿಂದ ಅವರು ಟೇಪು ಕೀಳುತ್ತಲೇ ಇದ್ದರು, ಅಂಟಿಸುತ್ತಿರಲಿಲ್ಲ. ಚಳಿಗಾಲದಲ್ಲೂ ಕೀಳುತ್ತಿದ್ದರು. ತೂತಿನಲ್ಲಿ ಟೇಪೇ ಉಳಿಯದಿದ್ದಾಗ ಚೆಂಡಿಗೆ ತೂತು ಕೊರೆಯುವ ಡ್ರಿಲ್ ತಾತನ ಅಂಗಡಿಗೆ ಹೋಗಿ ತೂತನ್ನೇ ಅಗಲ ಮಾಡಿಸಿದರು. ಮರುವರ್ಷ ಮತ್ತೊಮ್ಮೆ ಹೋದರು.

"ಈ ವಯಸ್ಸಲ್ಲಿ ಬೆಳೀತಿದ್ದೀಯಲ್ಲಪ್ಪಾ! ನಿನ್ನ ಹೆಂಡ್ತಿ ಅಡುಗೆ ಚೆನ್ನಾಗಿರಬೇಕು," ಎಂದು ತಾತ ನಕ್ಕ.

ಭಾವನೂ ನಕ್ಕರು. ಶೂ ಬಿಗಿಯಾಯಿತು, ದೊಡ್ಡದು ಕೊಂಡರು. ಉಂಗುರ ಬರಲೊಲ್ಲದೆ ಅದನ್ನು ಕತ್ತರಿಸಬೇಕಾಯಿತು. "ಸ್ಟಿಯರಿಂಗ್ ಹಿಡಿದೂ ಹಿಡಿದೂ ಕೈ ದಪ್ಪ ಆಗಿದೆ ಕಣೇ," ಎಂದು ಅಕ್ಕನಿಗೆ ಸಮಾಧಾನ ಹೇಳಿದರು. ದವಡೆಯೂ ಹುಬ್ಬೂ ಉಬ್ಬುತ್ತಾ ಬಂದದ್ದು ದಿನಾ ಎದುರಿಗೆ ಕೂತು ಊಟ ಮಾಡುವವರಿಗೆ ಕಾಣಲಿಲ್ಲ. ಆಗಾಗ ತಲೆನೋವು ಎನ್ನುತ್ತಿದ್ದರು. ತಲೆನೋವು ಯಾರಿಗಿಲ್ಲ?

ಆ ವರ್ಷ ಅವರ ಬಸ್ಸಿನ ಎಡಗನ್ನಡಿ ಎರಡು ಸಲ ಒಡೆಯಿತು. ಒಮ್ಮೆ ಖಾಲಿ ಬಸ್ಸನ್ನು ಡಿಪೋಗೆ ತರುವಾಗ ಹಳೇ ಮಾರುಕಟ್ಟೆಯ ತಿರುವಿನಲ್ಲಿ ಎಡಪಕ್ಕಕ್ಕೆ ಏನೋ ಧಪ್ಪೆಂದು ತಗುಲಿತಂತೆ. "ಕಸದ ಡಬ್ಬಿ ಇರಬೇಕು. ರಸ್ತೆ ಮೇಲೇ ತಂದು ಇಟ್ಟಿರ್ತಾರೆ," ಎಂದು ಊಟ ಮಾಡುತ್ತಾ ಬೈದುಕೊಂಡರು. ಇಳಿದು ನೋಡಿದಿರಾ ಎಂದು ನಾವ್ಯಾರೂ ಕೇಳಲಿಲ್ಲ.

ಬೌಲಿಂಗ್ ಹಾಲಿನಲ್ಲಿ ಬೇರೆ ಮಾತು ಹಬ್ಬತೊಡಗಿತ್ತು. ಅಲ್ಲೊಂದು ಮರ್ಯಾದೆ ಇದೆ. ಚೆಂಡು ಹಿಡಿದು ಮುಂದೆ ಬರುವ ಮೊದಲು ಎಡಕ್ಕೂ ಬಲಕ್ಕೂ ಒಮ್ಮೆ ಕಣ್ಣು ಹಾಯಿಸಬೇಕು. ಪಕ್ಕದ ಲೇನಿನಲ್ಲಿ ಯಾರಾದರೂ ಆಗಲೇ ಸಿದ್ಧವಾಗಿದ್ದರೆ ಅವರದು ಮುಗಿಯುವವರೆಗೆ ತಡೆಯಬೇಕು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವರೇ ಭಾವ. ಈಗ ಅವರೇ ಪಕ್ಕದವರ ಜೊತೆಜೊತೆಗೆ ನುಗ್ಗುತ್ತಿದ್ದರು. ಹಿಂದಿನ ವರ್ಷ ಪಂದ್ಯಾವಳಿಯ ಕಪ್ ಗೆದ್ದ ಮೇಲೆ ಕೊಬ್ಬು ಬಂದಿದೆ ಎಂದರು ಜನ. ಟೈಲರ್ ಕೂಡ ಮುಖ ತಿರುಗಿಸಿದ.

"ನಾನು ನೋಡೇ ಹೋಗ್ತೀನಪ್ಪಾ. ಅವರೇ ಎಲ್ಲಿಂದಲೋ ಬಂದುಬಿಡ್ತಾರೆ," ಎನ್ನುತ್ತಿದ್ದರು ಭಾವ.

ಫೈನಲ್ ಆಟದ ಸಂಜೆ ಅಕ್ಕನೂ ನಾನೂ ಹೋಗಿದ್ದೆವು. ಎಡಗಡೆಯ ಲೇನಿನಲ್ಲಿ ಶಾಲೆಯ ಟೀಚರೊಬ್ಬರು ಚೆಂಡನ್ನು ಎದೆಗೆ ಹಿಡಿದು ನಿಂತಿದ್ದರು. ಭಾವ ತಮ್ಮ ಚೆಂಡು ಎತ್ತಿಕೊಂಡು, ಕಣ್ಣು ಹಾಯಿಸಿ, ಸೀದಾ ಅವರ ಮೇಲೇ ನಡೆದರು. ಆಕೆ ಮಗ್ಗುಲಿಗೆ ಬಿದ್ದರು. ಭಾವನ ಚೆಂಡು ಜಾರಿ ಆಕೆಯ ಕೈಬೆರಳುಗಳ ಪಕ್ಕದಲ್ಲೇ ನೆಲಕ್ಕೆ ಬಡಿಯಿತು. ಇಡೀ ಹಾಲ್ ತಿರುಗಿ ನೋಡಿತು.

"ಕಣ್ಣು ಕಾಣಲ್ವಾ ನಿಮಗೆ?" ಎಂದು ಟೀಚರ್ ಕಿರುಚಿದರು.

ಭಾವ ಕೈಮುಗಿದರು. ಅವರು ಬಂದು ಬೆಂಚಿನ ಮೇಲೆ ಕೂತಾಗ ಅಕ್ಕ ಚೀಲದಿಂದ ಟವೆಲ್ಲು ತೆಗೆಯಲು ಹೋದಳು. ಮುಚ್ಚಳ ತೆರೆದವಳು ಹಾಗೇ ನಿಂತಳು. ಒಳಗೆ ಬಟ್ಟೆಯೇ ಕಾಣದಂತೆ ಬಿಳಿ ತುಂಡುಗಳು, ಮೀನಿನ ಹುರುಪೆಯ ಹಾಗೆ.

"ಇಷ್ಟೂ ಕಿತ್ತಿದ್ದಾ? ಎಲ್ಲಾ ಬೆರಳು ಊದಿದ್ದಕ್ಕೇ?"

"ಹೂಂ. ಈಗೇನು ಅದಕ್ಕೆ?"

"ಕನ್ನಡಿ ಒಡೆದಿದ್ದೂ ಎಡಗಡೆ, ಆ ಟೀಚರ್ ಇದ್ದಿದ್ದೂ ಎಡಗಡೆ," ಎಂದು ಅಕ್ಕ ಟವೆಲ್ಲು ಕೈಗೆತ್ತಿಕೊಂಡಳು. ಅವರ ಪಕ್ಕ ಬಂದು ನಿಂತಳು. "ರೀ, ಪಿನ್ನುಗಳನ್ನೇ ನೋಡ್ತಿರಿ. ತಿರುಗಬೇಡಿ," ಎಂದು ಟವೆಲ್ಲನ್ನು ಅವರ ಎಡಕಿವಿಯಿಂದ ಒಂದು ಮೊಳ ದೂರಕ್ಕೆ, ಸ್ವಲ್ಪ ಮುಂದಕ್ಕೆ ಹಿಡಿದಳು. "ಏನು ಕಾಣ್ತಿದೆ?"

"ಪಿನ್ನು."

ಟವೆಲ್ಲನ್ನು ಜೋರಾಗಿ ಬೀಸಿದಳು. "ಈಗ?"

"ಪಿನ್ನೇ ಕಣೇ. ಗಾಳಿ ಹಾಕ್ತಿದ್ದೀಯಾ?"

ಬಲಗಡೆಗೂ ಹಿಡಿದಳು. ಅಲ್ಲೂ ಅಷ್ಟೇ. ಟೈಲರ್ ಎದ್ದು ನಿಂತ. ಭಾವ ತಲೆ ತಿರುಗಿಸಿದರು. ಅಕ್ಕನ ಕೈಯಲ್ಲಿ ನೇತಾಡುತ್ತಿದ್ದ ಟವೆಲ್ಲು ಆಗ ಕಂಡಿತು.

"ಯಾರಿಗೂ ಹೇಳ್ಬೇಡಿ," ಎಂದರು ಆಮೇಲೆ, ತಗ್ಗಿದ ದನಿಯಲ್ಲಿ. "ಲೈಸೆನ್ಸ್ ಹೋಗುತ್ತೆ. ಬಸ್ ಬಿಟ್ರೆ ನಂಗೇನು ಗೊತ್ತು?"

"ಬೆಳಗ್ಗೆ ಎಷ್ಟು ಜನ ಹತ್ತುತ್ತಾರ್ರೀ ನಿಮ್ಮ ಬಸ್ಸಿಗೆ?"

ಅವರು ಬಗ್ಗಿ ಶೂ ಬಿಚ್ಚತೊಡಗಿದರು.

ಮರುದಿನ ಬೆಳಗ್ಗೆ ಎದ್ದು ಭಾವ ಯೂನಿಫಾರ್ಮ್ ಹಾಕಿಕೊಂಡು ಹೊರಟೇಬಿಟ್ಟರು. ಅಕ್ಕ ಚಪ್ಪಲಿ ಮೆಟ್ಟಿ ಅವರ ಎಡಗಡೆ ನಡೆದಳು, ನಾನು ಹಿಂದೆ. ಯಾರೂ ಯಾರನ್ನೂ ತಡೆಯಲಿಲ್ಲ. ಡಿಪೋ ಅಂಗಳದಲ್ಲಿ ಎಡದಿಂದ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಭಾವ ಅದರ ದಾರಿಗೇ ಕಾಲಿಟ್ಟರು. ಅಕ್ಕ ಅವರ ತೋಳು ಹಿಡಿದು ಎಳೆದಳು. ಬಸ್ಸಿನ ಹಿಂಭಾಗ ಅವರ ಮೂಗಿನ ಮುಂದೆಯೇ ಹಾದುಹೋಯಿತು. ಭಾವ ತಮ್ಮ ಬಸ್ಸಿನ ಕಡೆಗೆ ಹೋಗಲಿಲ್ಲ. ಸೀದಾ ಸೂಪರ್‌ವೈಸರ್ ಕೋಣೆಗೆ ಹೋಗಿ, "ಸಾರ್, ನಂಗೆ ಪಕ್ಕದ್ದು ಕಾಣಲ್ಲ. ಇವತ್ತು ಗಾಡಿ ಕೊಡಬೇಡಿ," ಎಂದರು.

"ನಿನ್ನೆ ಓಡಿಸಿದ್ದು ಯಾರು?"

"ನಾನೇ."

ಸೂಪರ್‌ವೈಸರ್ ಅವತ್ತಿನ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಒಂದು ಗ್ರಂಥಿ ಇರುತ್ತದಂತೆ. ಅದರಲ್ಲೊಂದು ಗಡ್ಡೆ ಬೆಳೆದಿತ್ತು. ಕೈಕಾಲು ಬೆಳೆಸುತ್ತಿದ್ದದ್ದೂ ಕಣ್ಣಿನ ನರಗಳನ್ನು ಒತ್ತಿ ಎರಡೂ ಪಕ್ಕದ ನೋಟ ಅಳಿಸುತ್ತಿದ್ದದ್ದೂ ಅದೇ. ಆಪರೇಷನ್ ಆಗಲೇಬೇಕು, ನೋಟ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಕೈ ದಪ್ಪವಾಗಿದ್ದು ಯಾವಾಗಿನಿಂದ ಎಂದು ಕೇಳಿದರು.

"ಸೆಕೆಗೆ ಅಂದ್ಕೊಂಡಿದ್ದೆ ಸಾರ್. ಟೇಪು ಕಿತ್ತರೆ ಸರಿಹೋಗ್ತಿತ್ತು," ಎಂದರು ಭಾವ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹಳೇ ಮಾರುಕಟ್ಟೆಯ ತಿರುವಿಗೆ ಹೋಗಬೇಕೆಂದು ಹಟ ಹಿಡಿದರು. ದಾರಿಯುದ್ದಕ್ಕೂ ಅಕ್ಕನನ್ನು ಒಂದೇ ಮಾತು ಕೇಳುತ್ತಿದ್ದರು: "ಅವತ್ತು ತಗುಲಿದ್ದು ಡಬ್ಬಿನೇ ತಾನೆ?"

"ಇನ್ನೇನಾದ್ರೂ ಆಗಿದ್ರೆ ಇಷ್ಟೊತ್ತಿಗೆ ಗೊತ್ತಾಗಿರೋದ್ರೀ," ಎನ್ನುತ್ತಿದ್ದಳು ಅಕ್ಕ. ಆ ಮಾತಿನಲ್ಲಿ ಅವಳಿಗೇ ನಂಬಿಕೆ ಇದ್ದಂತಿರಲಿಲ್ಲ.

ತಿರುವಿನಲ್ಲಿ ಕಸದ ಡಬ್ಬಿ ಇತ್ತು. ರಸ್ತೆಯ ಕಡೆಯ ಮಗ್ಗುಲು ಒಳಕ್ಕೆ ನೆಗ್ಗಿತ್ತು, ನೆಗ್ಗಿದ ಕಡೆ ಬಸ್ಸಿನ ಬಣ್ಣ ಹತ್ತಿತ್ತು. ಭಾವ ಅದರ ಮೇಲೆ ತಮ್ಮ ದಪ್ಪ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿದರು.

"ಡಬ್ಬಿನೇ," ಎಂದರು.

"ಇಲ್ಲಿ ಯಾವಾಗ್ಲೂ ಇರ್ತೀರಾ?" ಎಂದು ಅಕ್ಕ ಪಕ್ಕದಲ್ಲಿ ಯಾರನ್ನೋ ಕೇಳಿದಳು.

"ಹೂನಮ್ಮಾ, ದಿನಾ ಇಲ್ಲೇ ಬಸ್ ಕಾಯೋದು."

ಡಬ್ಬಿಗೆ ಒಂದು ಮಾರು ದೂರದಲ್ಲಿ ಬೆಂಚೊಂದಿತ್ತು. ಉತ್ತರ ಕೊಟ್ಟ ಮುದುಕಿ ಅದರ ಮೇಲೆ ಕಾಲನ್ನು ರಸ್ತೆಯ ಕಡೆಗೆ ಚಾಚಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಆಕೆಯನ್ನು ನೋಡಲು ಭಾವ ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು.