ಪಾಠಕ್ಕೆ ಮೊದಲೇ ಬರೆದ ಉತ್ತರಗಳು

ಜನವರಿ ಹತ್ತೊಂಬತ್ತರ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಐದನೇ ಪಾಠ ಯೋಜನೆ ಸಹಿ ಇಲ್ಲದೆ ವಾಪಸು ಬಂತು. ಪುಟದ ಬಲಭಾಗ ಖಾಲಿ ಇತ್ತು ಎಂಬುದು ಕಾರಣ.

ಶಿರಸಿಯಲ್ಲಿ ಬಿ.ಎಡ್. ಸೇರಿದಾಗ ನನಗೆ ಮೂವತ್ತನಾಲ್ಕು. ಅದಕ್ಕೆ ಮೊದಲು ಅದೇ ಊರಿನ ಒಂದು ಪತ್ರಿಕೆಯಲ್ಲಿ ವರದಿಗಾರಳಾಗಿದ್ದೆ. ದಿನಕ್ಕೆ ನಾಲ್ಕು ಸುದ್ದಿ ಬರೆದು ಗೊತ್ತಿದ್ದವಳಿಗೆ ಬರವಣಿಗೆಯ ಹೊರೆ ಏನು ಮಹಾ ಎಂದುಕೊಂಡೇ ಹೋದೆ. ಎರಡನೇ ವಾರದ ಹೊತ್ತಿಗೆ ನನ್ನ ಚೀಲದಲ್ಲಿ ಐದು ರೆಕಾರ್ಡ್ ಪುಸ್ತಕಗಳಿದ್ದವು. ನಾನು ಮಾಡಿದ ಪಾಠಕ್ಕೆ ಒಂದು, ಸಹಪಾಠಿಗಳ ಪಾಠ ನೋಡಿದ್ದಕ್ಕೆ ಒಂದು, ಮನೋವಿಜ್ಞಾನದ ಪ್ರಯೋಗಕ್ಕೆ ಒಂದು. ಉಳಿದೆರಡು ಯಾತಕ್ಕೆಂದು ಮೂರನೇ ತಿಂಗಳಲ್ಲಿ ತಿಳಿಯಿತು. ಎಲ್ಲಕ್ಕೂ ಕಂದು ಕಾಗದದ ಹೊದಿಕೆ ಕಡ್ಡಾಯ. ಪತ್ರಿಕೆಯಲ್ಲಿ ನಾವು ಹಳೆಯ ಆಮಂತ್ರಣ ಪತ್ರಿಕೆಗಳ ಬೆನ್ನಿಗೆ ಬರೆಯುತ್ತಿದ್ದೆವು.

ಮೊದಲಿಗೆ ಸೂಕ್ಷ್ಮ ಬೋಧನೆ. ಆರು ನಿಮಿಷದ ಪಾಠ, ಸಹಪಾಠಿಗಳೇ ಮಕ್ಕಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಯಲ್ಲಾಪುರದ ಹುಡುಗಿಗೆ ಇಪ್ಪತ್ತೆರಡು ವರ್ಷ. ನನ್ನ ಪಾಠದಲ್ಲಿ ಅವಳು ಏಳನೇ ತರಗತಿಯ ದಡ್ಡ ಮಗುವಾಗುತ್ತಿದ್ದಳು. ಪಾತ್ರದಲ್ಲಿ ಎಷ್ಟು ಮುಳುಗುತ್ತಿದ್ದಳೆಂದರೆ ಅವಳಿಗೆ ಏನನ್ನೂ ಕಲಿಸಲಾಗಲಿಲ್ಲ. ಉತ್ತರ ಹೇಳಿದವರನ್ನು ಕೂಡಲೇ ಹೊಗಳಬೇಕು ಎಂಬುದು ಒಂದು ಕೌಶಲ. ಅದನ್ನು ವಾರಪೂರ್ತಿ ರೂಢಿ ಮಾಡಿದೆ. ಶನಿವಾರ ಸಂಜೆ ಮನೆಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರ್ "ಸಿದ್ದಾಪುರ, ಇಳೀರಿ" ಎಂದಾಗ "ಸರಿಯಾದ ಉತ್ತರ, ಕುಳಿತುಕೊಳ್ಳಿ" ಎಂದೆ. ಅವರು ಕೂರಲಿಲ್ಲ.

ಜನವರಿಯಲ್ಲಿ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡುವ ಸರದಿ. ನನಗೂ ಯಲ್ಲಾಪುರದ ಹುಡುಗಿಗೂ ಕಾನಸೂರು ಕಡೆಯ ಒಂದು ಹೈಸ್ಕೂಲು ಸಿಕ್ಕಿತು. ಸಿದ್ದಾಪುರದಿಂದ ಬರುವ ನನಗೆ ಅರ್ಧ ದಾರಿ ಉಳಿತಾಯ. ತಿಂಗಳ ಮೂವತ್ತರೊಳಗೆ ತಲಾ ಹತ್ತು ಪಾಠ ಆಗಬೇಕು. ಯೋಜನೆಗೆ ಕಾಲೇಜಿನ ಗೈಡ್ ಸಹಿ ಹಾಕದೆ ತರಗತಿಯ ಹೊಸಿಲು ದಾಟುವಂತಿಲ್ಲ. ಹತ್ತರಲ್ಲಿ ಒಂದು ಕಡಿಮೆಯಾದರೂ ಪರೀಕ್ಷೆಗೆ ಅರ್ಜಿ ಹಾಕುವಂತಿಲ್ಲ. ಮುಂದಿನ ತಂಡದ ಜೊತೆ ಒಂದು ವರ್ಷ ಕಾದು ಮತ್ತೆ ಮೊದಲಿಂದ. ಪತ್ರಿಕೆಯಲ್ಲಿ ನನ್ನ ಮೇಜಿಗೆ ಆಗಲೇ ಬೇರೆಯವರು ಬಂದಿದ್ದರು.

ಯೋಜನೆಯ ಪುಟದಲ್ಲಿ ಎಡಕ್ಕೆ ಶಿಕ್ಷಕರು ಏನು ಮಾಡುವರು ಎಂದಿರುತ್ತದೆ. ಬಲಕ್ಕೆ ವಿದ್ಯಾರ್ಥಿಗಳು ಏನು ಮಾಡುವರು, ಯಾವ ಉತ್ತರ ಕೊಡುವರು ಎಂದು. ಎರಡನ್ನೂ ಪಾಠಕ್ಕೆ ಮೊದಲೇ ಬರೆಯಬೇಕು. ನಾನು ಬಲಭಾಗವನ್ನು ಖಾಲಿ ಬಿಟ್ಟು ಪಾಠ ಮುಗಿದ ಮೇಲೆ ತುಂಬುತ್ತಿದ್ದೆ. ಮಾತಾಡದವರ ಮಾತು ಬರೆಯುವುದು ನನ್ನ ಹಳೆಯ ಕೆಲಸದಲ್ಲಿ ಕೆಲಸ ಕಳೆದುಕೊಳ್ಳುವಷ್ಟು ದೊಡ್ಡ ತಪ್ಪು. ಮೊದಲ ನಾಲ್ಕಕ್ಕೆ ಸಹಿ ಹಾಕಿದ ಮೇಡಂ ಎಡಭಾಗವನ್ನಷ್ಟೇ ಓದುತ್ತಿದ್ದರು ಎಂಬುದು ಅವರು ರಜೆ ಹಾಕಿ, ಅವರ ಜಾಗಕ್ಕೆ ಹಾವೇರಿ ಕಡೆಯ ಸರ್ ಬಂದ ಮೇಲೆ ಗೊತ್ತಾಯಿತು.

ಸರ್ ಐದನೆಯದನ್ನು ವಾಪಸು ಕೊಟ್ಟು, ಹಿಂದಿನ ಪುಟ ತಿರುಗಿಸಿ, ನಾನು ಪಾಠವಾದ ಮೇಲೆ ತುಂಬಿದ್ದ ನಾಲ್ಕನೆಯದರ ಬಲಭಾಗವನ್ನು ಗಟ್ಟಿಯಾಗಿ ಓದಿದರು. "ಆರು ಜನ ಆಲಿಸಿದರು. ಒಬ್ಬನು ಕಿಟಕಿಯ ಹೊರಗೆ ನೋಡಿದನು. ಉಳಿದವರ ಬಗ್ಗೆ ಮಾಹಿತಿ ಲಭ್ಯವಾಗಿಲ್ಲ." ಕನ್ನಡಕ ತೆಗೆದರು. "ಮೇಡಂ, ಇದು ಪಾಠ ಯೋಜನೇನೋ, ಪಂಚನಾಮೇನೋ?"

"ಆಗದೇ ಇದ್ದದ್ದನ್ನ ಹೇಗೆ ಬರೆಯೋದು ಸರ್?"

"ಮದುವಿ ಆದಮ್ಯಾಲೆ ಲಗ್ನಪತ್ರಿಕಿ ಅಚ್ಚು ಹಾಕಸ್ತಾರೇನ್ರಿ? ತುಂಬಿಕೊಂಡು ಬರ್ರಿ, ಸಹಿ ಮಾಡ್ತೀನಿ."

ಯಲ್ಲಾಪುರದ ಹುಡುಗಿಗೆ ಈ ತೊಂದರೆ ಇರಲಿಲ್ಲ. "ವಿದ್ಯಾರ್ಥಿಗಳು ಆಸಕ್ತಿಯಿಂದ ಆಲಿಸುವರು" ಎಂದು ಅವಳು ಊಟದ ಡಬ್ಬಿ ಮುಚ್ಚುವುದರೊಳಗೆ ಎಂಟು ಕಡೆ ಬರೆಯುತ್ತಿದ್ದಳು.

"ಅಕ್ಕಾ, ಸುಮ್ನೆ ಬರೆದು ಹಾಕು. ಇದಕ್ಕೊಂದು ರಬ್ಬರ್ ಸ್ಟಾಂಪ್ ಮಾಡ್ಸಲಕ್ಕು ಹೇಳಿ ಕಾಣ್ತು ನಂಗೆ."

"ಅವರು ಆಲಿಸ್ತಾರೆ ಅಂತ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿದ್ದಿಲ್ಲೆ. ಆಲಿಸ್ತ್ವಿಲ್ಲೆ ಹೇಳಿಯೂ ಯಾರೂ ಹೇಳಿದ್ದಿಲ್ಲೆ."

ಮಂಗಳವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನು ನೋಟ್‌ಬುಕ್ಕು ಹಿಡಿದು ನಲ್ಲಿಯ ಹತ್ತಿರ ಹೋದೆ. ಎಂಟನೇ ತರಗತಿಯವರು ತಟ್ಟೆ ತೊಳೆಯುತ್ತಿದ್ದರು. ಗುರುವಾರದ ಐದನೇ ಪಾಠ ಶಿಲೆಗಳ ವಿಧಗಳು. ಪೀಠಿಕೆಗೆ ಮೂರು ಪ್ರಶ್ನೆ ಇಟ್ಟುಕೊಂಡಿದ್ದೆ. ಮೊದಲ ಎರಡಕ್ಕೆ ಮಕ್ಕಳು ಉತ್ತರ ಹೇಳಬೇಕು, ಮೂರನೆಯದಕ್ಕೆ ಹೇಳಬಾರದು. ಅವರು ತಡವರಿಸಿದ ಮೇಲೆಯೇ ಶಿಕ್ಷಕರು "ಹಾಗಾದರೆ ಇಂದು ಇದನ್ನು ತಿಳಿಯೋಣ" ಎಂದು ಪಾಠದ ಉದ್ದೇಶ ಹೇಳುವುದು ಪದ್ಧತಿ.

"ನಿಮ್ಮ ಮನೆ ಗೋಡೆ ಯಾವ ಕಲ್ಲಿಂದು ಅಂತ ಗುರುವಾರ ಕೇಳಿದರೆ ಏನು ಹೇಳುತ್ತೀರಿ?" ಎಂದು ಒಬ್ಬೊಬ್ಬರನ್ನೇ ಕೇಳಿದೆ. ಹದಿನೇಳು ಜನ ನಮ್ಮ ಕಡೆಯ ಕೆಂಪು ಚಿರೆಕಲ್ಲು ಎಂದರು, ನಾಲ್ವರು ಇಟ್ಟಿಗೆ. ಒಬ್ಬ ಅಪ್ಪನನ್ನು ಕೇಳಿ ಬರುತ್ತೇನೆಂದ. ಒರಳು ಯಾವ ಕಲ್ಲಿನದು ಎಂಬ ಎರಡನೆಯದಕ್ಕೆ ಎಲ್ಲರೂ ಕರಿಕಲ್ಲು ಎಂದರು. ಈ ಎರಡು ಕಲ್ಲು ನೆಲದಲ್ಲಿ ಹುಟ್ಟಿದ ಬಗೆ ಒಂದೆಯೋ ಬೇರೆಯೋ ಎಂಬ ಮೂರನೇ ಪ್ರಶ್ನೆಗೆ, ಮೊದಲ ಬೆಂಚಿನಲ್ಲಿ ಕೂರುವ ಹುಡುಗಿ ತಟ್ಟೆಯ ನೀರು ಕೊಡವುತ್ತ ಕೇಳಿದಳು.

"ಇದು ಕೊನೇ ಪ್ರಶ್ನೆ ಅಲ್ದಾ ಅಕ್ಕೋರೇ?"

"ಹೌದು."

"ಹಂಗಾರೆ ನಾವು ಸುಮ್ನಿರೂದು. ಇಲ್ಲಿಗೆ ಬರೂ ಬಿ.ಎಡ್. ಅಕ್ಕೋರು, ಮಾಸ್ತರು ಎಲ್ಲ ಹಂಗೇ ಕೇಳೂದು. ಉತ್ತರ ಹೇಳಿದ್ರೆ ಅವ್ರಿಗೆ ಮುಂದೆ ಹೋಗೂಕೆ ಆಗೂದಿಲ್ಲ."

"ಉತ್ತರ ಗೊತ್ತಿದ್ದರೆ?"

"ಗೊತ್ತಿದ್ರೂ ಸುಮ್ನಿರೂದು."

ಎಲ್ಲವನ್ನೂ ಬಲಭಾಗದಲ್ಲಿ ಅಂಕಿ ಸಮೇತ ಬರೆದೆ. ಮೂರನೇ ಪ್ರಶ್ನೆಯ ಎದುರು "ವಿದ್ಯಾರ್ಥಿಗಳು ಸುಮ್ಮನಿರುವರು. ಹಾಗೆಂದು ಅವರೇ ತಿಳಿಸಿದ್ದಾರೆ" ಎಂದು ಹಾಕಿದೆ. ಬುಧವಾರ ಸರ್ ಅದನ್ನು ಎರಡು ಸಲ ಓದಿ, ಕೊನೆಯ ವಾಕ್ಯಕ್ಕೆ ಗೀಟು ಹೊಡೆದು, ಸಹಿ ಹಾಕಿದರು. "ಪಾಠ ನೋಡಾಕ ನಾನೇ ಬರ್ತೀನಿ. ಅಲ್ಲಿ ಸರಿಬರಲಿಲ್ಲಂದ್ರ ಈ ಸಹಿ ಲೆಕ್ಕಕ್ಕಿಲ್ಲ" ಎಂದರು.

ಗುರುವಾರ ಅವರು ಕೊನೆಯ ಬೆಂಚಿನಲ್ಲಿ, ಮೊಣಕಾಲು ಮೇಜಿಗೆ ತಾಗುವಂತೆ ಕೂತರು. ಯಲ್ಲಾಪುರದ ಹುಡುಗಿಯೂ ವೀಕ್ಷಣೆ ಪುಸ್ತಕ ತೆರೆದು ಕೂತಳು. ಗೋಡೆ, ಒರಳು ಎರಡೂ ಬರೆದಂತೆಯೇ ಬಂದವು. ಅಪ್ಪನನ್ನು ಕೇಳಿ ಬಂದವನು ಮಾತ್ರ ಇಟ್ಟಿಗೆಯವರನ್ನು ಐದಕ್ಕೇರಿಸಿದ. ಮೂರನೆಯ ಪ್ರಶ್ನೆ ಕೇಳಿದೆ. ಇಡೀ ತರಗತಿ ಕೈ ಕಟ್ಟಿ ಸುಮ್ಮನಾಯಿತು. ಅಷ್ಟು ಒಮ್ಮತದ ಮೌನವನ್ನು ನಾನು ಯಾವ ಪಂಚಾಯಿತಿ ಸಭೆಯಲ್ಲೂ ಕಂಡಿರಲಿಲ್ಲ.

ಹಿಂದಿನಿಂದ ಸರ್ ಕೇಳಿದರು. "ಯಾಕ ಯಾರೂ ಮಾತಾಡವಲ್ರಿ?"

ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. "ಅಕ್ಕೋರು ಉದ್ದೇಶ ಹೇಳಬೇಕಲ್ಲ ಸರ್, ಅದ್ಕೆ."

ಸರ್ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ನಾನು ಉದ್ದೇಶ ಹೇಳಿದೆ. ಅಗ್ನಿಶಿಲೆ, ಪದರುಶಿಲೆ ಆಗಿ ರೂಪಾಂತರಕ್ಕೆ ಬರುವಾಗ ಅದೇ ಹುಡುಗಿ ಮತ್ತೆ ಕೈ ಎತ್ತಿದಳು.

"ಅಕ್ಕೋರೇ, ಚಿರೆಕಲ್ಲು ಕಡಿಯುವಾಗ ಮೆತ್ತಗಿರ್ತದೆ. ಹೊರಗೆ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ ಆಗ್ತದೆ. ಅದು ಯಾಕೆ?"

ಪುಟದ ಎಡಭಾಗದಲ್ಲಿ ಅದಿರಲಿಲ್ಲ, ಬಲಭಾಗದಲ್ಲೂ ಇರಲಿಲ್ಲ. ಯಲ್ಲಾಪುರದ ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಸರ್ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಏನೋ ಒಂದು ಹೇಳಿ ದಾಟಿಸಬಹುದಿತ್ತು. ಐದನೇ ಪಾಠ ಹೋದರೆ ವರ್ಷ ಹೋಗುತ್ತದೆ ಎಂಬುದೂ ನೆನಪಿತ್ತು.

"ನನಗೆ ಗೊತ್ತಿಲ್ಲ. ವಿಚಾರಿಸಿ ನಾಳೆ ಹೇಳುತ್ತೇನೆ" ಎಂದೆ.

"ಸರಿ" ಎಂದು ಅವಳು ಕೂತಳು.

ಗಂಟೆ ಹೊಡೆಯಿತು. ಸರ್ ಬೆಂಚಿನಿಂದ ಬಿಡಿಸಿಕೊಂಡು ಬಂದು ಪುಸ್ತಕ ನನ್ನ ಕೈಗಿಟ್ಟರು. ಷರಾದಲ್ಲಿ ಎರಡು ಸಾಲಿತ್ತು: "ಪೀಠಿಕೆ ಬದಲಾಯಿಸುವುದು, ಮಕ್ಕಳಿಗೆ ಬಾಯಿಪಾಠವಾಗಿದೆ. ಪಾಠವನ್ನು ಎಣಿಕೆಗೆ ತೆಗೆದುಕೊಳ್ಳಲಾಗಿದೆ."

ಸಂಜೆ ಶಿರಸಿಗೆ ಹೋಗಿ ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ಆ ಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಒಳಗಿನ ತೇವ ಆರಿ ಗಾಳಿ ತಾಗಿದಂತೆ ಅದು ಬಿಗಿಯುತ್ತದೆ ಎಂದು ಎರಡು ಪುಸ್ತಕಗಳಲ್ಲಿ ಸಿಕ್ಕಿತು. ಶುಕ್ರವಾರ ತರಗತಿಯಲ್ಲಿ ಹೇಳಿದೆ. ಹುಡುಗಿ ಬರೆದುಕೊಂಡಳು.

ಉಳಿದ ಐದು ಪಾಠಗಳಲ್ಲಿ ಎರಡು ಒಂದೇ ದಿನ ಆದವು. ಹತ್ತನೆಯದಕ್ಕೆ ಜನವರಿ ಮೂವತ್ತರ ಮಧ್ಯಾಹ್ನ ಮೂರೂವರೆಗೆ ಸಹಿ ಬಿತ್ತು. ಪರೀಕ್ಷೆಯ ಅರ್ಜಿಯನ್ನು ಕಾಲೇಜಿನ ಕಚೇರಿಯಲ್ಲಿ ತೆಗೆದುಕೊಂಡಿದ್ದಾರೆ. ಹಾಲ್ ಟಿಕೆಟ್ ಇನ್ನೂ ಬಂದಿಲ್ಲ.