ಕಾಲು ಮುಂದಾಗಿ ಹುಟ್ಟಿದ ಅತ್ತೆ

ಅತ್ತೆಯ ಹಲ್ಲು ಕಿತ್ತು ಮುಗಿಸಿದ ಡಾಕ್ಟರಮ್ಮನಿಗೆ ನೆಟ್ಟಗೆ ನಿಲ್ಲಲು ಆಗಲೇ ಇಲ್ಲ. ಸೊಂಟ ಹಿಡಿದುಕೊಂಡು ಗೋಡೆಗೆ ಕೈ ಊರಿದರು. ಚಿಂತಾಮಣಿಯ ಆ ಕ್ಲಿನಿಕ್ಕಿನಲ್ಲಿ ಅತ್ತೆ, ಕುರ್ಚಿ ಮೇಲೆತ್ತಿದರೆ ಭಯವೆಂದು ಹಟ ಹಿಡಿದಿದ್ದರು. ಪಾಪ, ಡಾಕ್ಟರಮ್ಮ ಅರ್ಧ ಗಂಟೆ ಬಗ್ಗಿಕೊಂಡೇ ಕೆಲಸ ಮಾಡಿದ್ದರು.

ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಅತ್ತೆ, “ನಾನು ಕಾಲು ಮುಂದಾಗಿ ಹುಟ್ದೋಳು ಕಣಮ್ಮ. ಮೂರು ಸಲ ಒದ್ರೆ ಉಳುಕು ಹೋಗುತ್ತೆ, ತಿರುಗು” ಎಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

“ಇದು ಉಳುಕಲ್ಲ ಅಜ್ಜಿ, ದಿನಾ ಬಗ್ಗಿ ಬಗ್ಗಿ ಬಂದಿದ್ದು. ಆದ್ರೂ ಒದೀರಿ” ಎಂದು ಡಾಕ್ಟರಮ್ಮ ನಗುತ್ತಾ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತರು. ಅತ್ತೆ ಮೆತ್ತಗೆ ಮೂರು ಸಲ ಪಾದ ತಾಕಿಸಿದರು.

ನೋವು ಹೋಯಿತೋ ಇಲ್ಲವೋ ಕಾಣೆ. ಮುಂದಿನ ವಾರ ಇನ್ನೊಂದು ಹಲ್ಲಿಗೆಂದು ಹೋದಾಗ, ಅತ್ತೆ ಕುರ್ಚಿಗೊರಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹೇಳಿದರು: “ಎಷ್ಟು ಬೇಕೋ ಅಷ್ಟು ಮೇಲಕ್ಕೆತ್ತಮ್ಮ.”