ಸರ್ಫ್‌ಬೋರ್ಡಿಗೆ ಸುತ್ತಿದ ಪಂಚೆ

ಜಯನಗರದಲ್ಲಿ ಸರ್ಫ್‌ಬೋರ್ಡ್ ಇಟ್ಟುಕೊಂಡವನು ನಾನೊಬ್ಬನೇ ಇರಲಾರೆ. ಆದರೆ ನಮ್ಮ ಬೀದಿಯಲ್ಲಂತೂ ನಾನೊಬ್ಬನೇ. ಆರಡಿ ಉದ್ದದ ಅದನ್ನು ಆಟೋದಿಂದ ಇಳಿಸಿದ ದಿನ ಎದುರುಮನೆಯ ಅಂಕಲ್ ಗೇಟಿಗೆ ಒರಗಿಕೊಂಡು, "ಇಸ್ತ್ರಿ ಟೇಬಲ್ಲಾ? ಎಲ್ಲಿ ತಗೊಂಡ್ರಿ?" ಎಂದು ಕೇಳಿದ್ದರು. ಹೌದು ಎಂದುಬಿಟ್ಟೆ. ಅಲೆಯ ಮೇಲೆ ನಿಂತು ಜಾರುವ ಆಟವನ್ನು ಬೀದಿಯಲ್ಲಿ ನಿಂತು ವಿವರಿಸುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ.

ಮೊದಲ ಸಲ ಅದನ್ನು ವಿಮಾನದಲ್ಲಿ ಶ್ರೀಲಂಕೆಗೆ ಒಯ್ದಾಗ ಮಹಾ ಬುದ್ಧಿವಂತನಂತೆ ಎರಡು ಸುತ್ತು ಬಬಲ್ ರ‍್ಯಾಪ್ ಸುತ್ತಿ, ಮೇಲೊಂದು ಕೆಂಪು ಚೀಟಿ ಅಂಟಿಸಿದ್ದೆ. ಅಡಿಯಲ್ಲಿರುವ, ಮೀನಿನದರಂಥ ರೆಕ್ಕೆಗಳನ್ನು ಬಿಚ್ಚಿಡಬೇಕೆಂಬುದೂ ಗೊತ್ತಿರಲಿಲ್ಲ. ಅಲ್ಲಿಳಿದು ಚೀಲ ತೆರೆದರೆ ಬೋರ್ಡಿನ ಮೂತಿ ಜಜ್ಜಿಹೋಗಿತ್ತು, ಒಂದು ರೆಕ್ಕೆ ಬುಡಸಮೇತ ಕಿತ್ತು ಬಂದಿತ್ತು. ಬಿರುಕಿನೊಳಗೆ ನೀರು ಹೊಕ್ಕರೆ ಬೋರ್ಡಿನ ಕಥೆ ಮುಗಿದಂತೆ. ವರ್ಷವಿಡೀ ಕೂಡಿಟ್ಟ ಒಂದು ವಾರದ ರಜೆಯನ್ನು ದಡದಲ್ಲಿ ಕೂತು, ಬೇರೆಯವರ ಆಟ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾ ಕಳೆದೆ. ವಾಪಸ್ ಬಂದು ರಿಪೇರಿ ಮಾಡಿಸಿದಾಗ, ಇನ್ನೊಂದು ಪೆಟ್ಟು ಬಿದ್ದರೆ ಎಸೆಯಬೇಕಷ್ಟೇ ಎಂದು ರಿಪೇರಿಯವನು ಹೇಳಿದ.

ಮರುವರ್ಷ, ನವರಾತ್ರಿಗೆ ಸ್ವಲ್ಪ ಮುಂಚೆ, ಮತ್ತೆ ಹೊರಟೆ. ಹಾಲಿನಲ್ಲಿ ಕೂತು ಬಬಲ್ ರ‍್ಯಾಪ್ ಬಿಡಿಸುತ್ತಿದ್ದುದನ್ನು ಅಮ್ಮ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ಇದೇನೋ ಇದು, ಮೂಟೆ ಕಟ್ಟೋ ಹಾಗೆ ಕಟ್ತಿದ್ದೀಯ! ಏಳು ಆಕಡೆ."

ಅಮ್ಮನಿಗೆ ಸರ್ಫಿಂಗ್ ಗೊತ್ತಿಲ್ಲ. ಒಡೆಯುವ ಸಾಮಾನು ಗೊತ್ತು. ಮದುವೆಯಾದಾಗಿನಿಂದ ದಸರೆಗೆ ಗೊಂಬೆ ಕೂರಿಸಿ, ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಸುತ್ತಿ ಟ್ರಂಕಿನಲ್ಲಿಟ್ಟು ಅಟ್ಟಕ್ಕೇರಿಸಿದವಳು ಅವಳು. ಮೂರು ಬಾಡಿಗೆ ಮನೆ ಬದಲಾಯಿಸಿದರೂ ಮಣ್ಣಿನ ಗೊಂಬೆಗಳ ಒಂದು ಬೆರಳೂ ಮುರಿದಿರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. "ಮುಂದಕ್ಕೆ ಚಾಚಿರೋದೇ ಮೊದಲು ಮುರಿಯೋದು, ಅದನ್ನೇ ಮೊದಲು ಸುತ್ತು" ಎನ್ನುತ್ತಿದ್ದಳು. ಮೂಗು, ಬೆರಳು, ಕಿರೀಟ, ಆಮೇಲೆ ಮೈ. ಹೊಸ ಬಟ್ಟೆ ಕೂಡದು, ಗಂಜಿಯ ಬಿರುಸಿಗೆ ಬಣ್ಣ ಉಜ್ಜಿಹೋಗುತ್ತದೆ. ಹಗ್ಗವೂ ಕೂಡದು, ಹಳೇ ಸೀರೆಯ ಅಂಚೇ ಆಗಬೇಕು. ಉಳಿದ ಕೋಸಂಬರಿ ತಿನ್ನುತ್ತಾ ಅವಳಿಗೆ ಅಂಚು ಹರಿದುಕೊಡುತ್ತಿದ್ದ ಆ ಮಧ್ಯಾಹ್ನಗಳು ನನಗೆ ಈಗಲೂ ಬೇಕು ಅನಿಸುತ್ತದೆ.

ಬೋರ್ಡಿಗೂ ಅದೇ ಶಾಸ್ತ್ರ. ರೆಕ್ಕೆ ಬಿಚ್ಚಿಸಿದಳು. ಮೂತಿಗೆ ಹತ್ತಿ ಇಟ್ಟು ಟೋಪಿಯಂತೆ ಕಟ್ಟಿದಳು. ಏಸಿ ಪೈಪಿಗೆ ತೊಡಿಸುವ ಕಪ್ಪು ಫೋಮಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ಹಾಕಬಹುದು ಎಂದು ಎಲ್ಲೋ ಓದಿದ್ದೆ. ಹೇಳಿದಾಗ, "ಪರವಾಗಿಲ್ಲ, ಒಂದು ಒಳ್ಳೇ ಮಾತಾಡ್ದೆ" ಎಂದು ಪಕ್ಕದ ಸಿದ್ದಾಪುರದ ಅಂಗಡಿಗೆ ಅಟ್ಟಿದಳು. ನಾನು ಬರುವಷ್ಟರಲ್ಲಿ ಚೀಲದ ತುಂಬ ನುಸಿಗುಳಿಗೆ ಸುರಿದಿದ್ದಳು. ಗೊಂಬೆಗೆ ಹಾಕುವುದನ್ನು ಬೋರ್ಡಿಗೆ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಟ್ರಂಕಿನಿಂದ ಅಪ್ಪನ ಎರಡು ಪಂಚೆ ತೆಗೆದಳು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಬಟ್ಟೆಗಳಲ್ಲಿ ಅವಳು ಯಾರಿಗೂ ಕೊಡದೆ ಉಳಿಸಿಕೊಂಡದ್ದು ಅವೆರಡೇ. ಪ್ರತಿ ವರ್ಷ ಅವನ್ನೇ ಪಟ್ಟದ ಗೊಂಬೆಗಳಾದ ರಾಜನಿಗೊಂದು, ರಾಣಿಗೊಂದು ಸುತ್ತುತ್ತಿದ್ದಳು.

"ಅಮ್ಮಾ, ಅದು ಬೇಡ."

"ಗೊಂಬೆ ಹೇಗಿದ್ರೂ ನಾಳೆ ಕೂರಿಸ್ತೀನಿ. ನಿಂದು ತಾನೇ ಎತ್ತಿ ಒಗೆಯೋರ ಕೈಗೆ ಹೋಗೋದು? ಹಬ್ಬ ಮುಗಿಯೋದ್ರೊಳಗೆ ತಂದ್ಕೊಡು. ಎರಡೂನೂ."

ಅಲ್ಲಿಗೆ ಹೋಗಿ ಬಿಚ್ಚಿದೆ. ಒಂದು ಗೀರು ಕೂಡ ಇರಲಿಲ್ಲ. ಖುಷಿಗೆ ಆ ಬೋರ್ಡನ್ನೇ ತಬ್ಬಿಕೊಂಡೆ. ಕಾಲು ಜಾರದಿರಲು ಅದಕ್ಕೆ ಹಚ್ಚುವ ಮೇಣಕ್ಕೆ ಗುಳಿಗೆಯ ವಾಸನೆ ಹಿಡಿದು, ವಾರವೆಲ್ಲ ಸಮುದ್ರದ ನಡುವೆಯೂ ನನಗೆ ನಮ್ಮ ಅಟ್ಟದ ವಾಸನೆಯೇ ಬರುತ್ತಿತ್ತು.

ಮೂರನೆಯ ದಿನ ಮೈ ಒರೆಸಿಕೊಳ್ಳಲು ಒಂದು ಪಂಚೆಯನ್ನು ಒಯ್ದು ಬಂಡೆಯ ಮೇಲಿಟ್ಟು ನೀರಿಗಿಳಿದಿದ್ದೆ. ಉಬ್ಬರ ಏರಿದ್ದನ್ನು ಗಮನಿಸಲಿಲ್ಲ. ತಿರುಗಿ ನೋಡಿದಾಗ ಅದು ಬಿಳಿಯಾಗಿ ನೀರಿನ ಮೇಲೆ ಹೋಗುತ್ತಿತ್ತು. ಕೈ ಬೀಸಿ ಈಜಿದ್ದರೆ ಸಿಗುತ್ತಿತ್ತು. ಅಷ್ಟರಲ್ಲಿ ಹಿಂದೆ ಒಳ್ಳೆಯ ಅಲೆಯೊಂದು ಎದ್ದಿತು. ನಾನು ಅಲೆ ಹಿಡಿದೆ. ಇಳಿದು ನೋಡಿದರೆ ಪಂಚೆ ಇರಲಿಲ್ಲ.

ವಿಜಯದಶಮಿಯ ಮಾರನೆಯ ದಿನ ಅಮ್ಮ ಟ್ರಂಕು ತೆರೆದು ಕೂತಳು. ಒಂದೇ ಪಂಚೆ ಕೊಟ್ಟೆ.

"ಇನ್ನೊಂದೆಲ್ಲೋ?"

"ಏರ್‌ಪೋರ್ಟ್ ಚೆಕಿಂಗಲ್ಲಿ ಎತ್ತಿಟ್ಕೊಂಡ್ರು."

"ಹರಕಲು ಪಂಚೆ ಅವರಿಗ್ಯಾಕೋ?"

ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದೆ, ಅಲೆಯ ವಿಷಯವನ್ನೂ ಬಿಡದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಉಳಿದ ಪಂಚೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಸವರುತ್ತಿದ್ದಳು.

"ಚೆನ್ನಾಗಿದ್ಯೇನೋ ಸಮುದ್ರ?"

"ತುಂಬಾ ಚೆನ್ನಾಗಿದೆಯಮ್ಮ."

"ಹೋಗ್ಲಿ ಬಿಡು. ರಿಟೈರ್ ಆದ್ಮೇಲೆ ಇಬ್ರೂ ಹೋಗಿ ನೋಡ್ಕೊಂಡು ಬರೋಣ ಅಂತಿದ್ರು ನಿಮ್ಮಪ್ಪ. ಅವರಾದ್ರೂ ನೋಡಿದ ಹಾಗಾಯ್ತು."

ಹತ್ತು ವರ್ಷದಿಂದ ನಾನು ಸಮುದ್ರಕ್ಕೆ ಹೋಗಿಬರುತ್ತಿದ್ದೆ. ಅಮ್ಮನೂ ಅದನ್ನು ನೋಡಿಲ್ಲವೆಂಬುದು ನನಗೆ ಗೊತ್ತಾದದ್ದು ಅವತ್ತು.